ಅತ್ತೆಯವರಿಗೆ ಹನ್ನೊಂದು ತಿಂಗಳ ಮನೆ ಆರೈಕೆ: ಒಂದು ಸೇವೆಯ ವಿಮರ್ಶೆ

ಮೈಸೂರಿನ ನಮ್ಮ ಮನೆಯಲ್ಲಿ 82 ವರ್ಷದ ಅತ್ತೆಯವರಿದ್ದಾರೆ. ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು ವೈದ್ಯರು ಹೇಳಿ ನಾಲ್ಕು ವರ್ಷಗಳಾದವು. ಮೊದಲ ಮೂರು ವರ್ಷ ನಾನೂ ನನ್ನ ಯಜಮಾನರೂ ಸರದಿಯ ಮೇಲೆ ನೋಡಿಕೊಂಡೆವು. ಅವರು ನಡುರಾತ್ರಿ ಎದ್ದು ಬಾಗಿಲ ಚಿಲಕ ತೆಗೆಯಲಾರಂಭಿಸಿದ ಮೇಲೆ, ಹಗಲಿನಲ್ಲಾದರೂ ಮತ್ತೊಬ್ಬರ ಕೈ ಬೇಕೆಂದು ಒಪ್ಪಿಕೊಂಡು, ಹನ್ನೊಂದು ತಿಂಗಳ ಹಿಂದೆ ಮನೆಗೆ ಆರೈಕೆದಾರರನ್ನು ಕಳುಹಿಸುವ ಒಂದು ಖಾಸಗಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡೆವು. ಆ ಸೇವೆಯ ವಿಮರ್ಶೆ ಇದು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆಗಳ ಭಾರ ಕಡಿಮೆ ಸಂಬಳಕ್ಕೆ ದುಡಿಯುವ ಹೆಣ್ಣುಮಕ್ಕಳ ತಲೆಯ ಮೇಲೆ ಬೀಳುವುದು ನನಗೆ ಇಷ್ಟವಿಲ್ಲ. ಇಂಥದೇ ಷರತ್ತುಗಳ ಮೇಲೆ ನಡೆಯುವ ಸಂಸ್ಥೆಗಳು ಈಗ ಊರೂರಿನಲ್ಲಿಯೂ ಇರುವುದರಿಂದ, ಏನನ್ನು ಕೇಳಬೇಕು, ಏನನ್ನು ಗಮನಿಸಬೇಕು ಎಂಬುದು ಓದುಗರಿಗೆ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ನಾನು 26 ವರ್ಷ ಶುಶ್ರೂಷಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಂಸ್ಥೆಯವರು ತಂದುಕೊಟ್ಟ ಕರಪತ್ರದಲ್ಲಿ ರಕ್ತದೊತ್ತಡ, ಸಕ್ಕರೆ, ನಾಡಿಬಡಿತ ದಿನಕ್ಕೆ ಎರಡು ಬಾರಿ ನಮ್ಮ ಮೊಬೈಲಿಗೆ ಬರುತ್ತವೆಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಸ್ನಾನವನ್ನು ಹೇಗೆ ಮಾಡಿಸುತ್ತಾರೆ, ಊಟವನ್ನು ಹೇಗೆ ಮಾಡಿಸುತ್ತಾರೆ, ರೋಗಿಯನ್ನು ಏನೆಂದು ಕರೆಯುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಕಾಯಿಲೆಯನ್ನು ವಾಸಿಮಾಡುವ ಔಷಧ ಇನ್ನೂ ಇಲ್ಲದಿರುವಾಗ, ಕಾಯಿಲೆಯವರ ಒಂದು ದಿನ ನೆಮ್ಮದಿಯಾಗಿ ಕಳೆಯಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಬಚ್ಚಲಿನಲ್ಲಿ, ತಟ್ಟೆಯ ಮುಂದೆ ಮತ್ತು ಮಾತಿನಲ್ಲಿ. ಕಳೆದ ಮೂವತ್ತು ವರ್ಷಗಳಲ್ಲಿ ಹಲವು ಶುಶ್ರೂಷಾ ಸಂಶೋಧಕರು ತಾಳ್ಮೆಯಿಂದ ಅಳೆದು ತೋರಿಸಿರುವುದೂ ಇದನ್ನೇ. ನಾನು ಪಾಠದ ಕೊಠಡಿಯಲ್ಲಿ ಹೇಳುತ್ತಿದ್ದ ಆ ಸಂಗತಿಗಳನ್ನೇ ಅಳತೆಗೋಲಾಗಿಟ್ಟುಕೊಂಡು ಈ ಸೇವೆಯನ್ನು ನೋಡಿದ್ದೇನೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಅವರಲ್ಲಿ ಬಹುಪಾಲು ಜನರ ಆರೈಕೆ ನಡೆಯುತ್ತಿರುವುದು ನಮ್ಮ ಮನೆಯಂಥ ಮನೆಗಳಲ್ಲಿ, ಆಸ್ಪತ್ರೆಗಳಲ್ಲಲ್ಲ.

ಒಪ್ಪಂದದ ವಿವರ ಹೀಗಿದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಒಬ್ಬ ಆರೈಕೆದಾರಳು. ವಾರದ ರಜೆಗೆ ಬದಲಿ. ಹದಿನೈದು ದಿನಕ್ಕೊಮ್ಮೆ ಮೇಲ್ವಿಚಾರಣೆಯ ನರ್ಸ್ ಬಂದು ನೋಡುವುದು. ತಿಂಗಳಿಗೆ 24,000 ರೂಪಾಯಿ, ಒಂದು ತಿಂಗಳ ಹಣ ಮುಂಗಡ. ಹಣಕಾಸಿನ ವ್ಯವಹಾರ ಮೊದಲಿನಿಂದಲೂ ಚೊಕ್ಕಟವಾಗಿತ್ತು, ರಸೀದಿ ತಪ್ಪದೆ ಬಂದಿತು, ಬಾರದ ದಿನದ ಹಣವನ್ನು ಕೇಳದೆಯೇ ಕಳೆದರು. ಆ ಬಗ್ಗೆ ಇನ್ನು ಹೇಳುವಂಥದ್ದೇನೂ ಇಲ್ಲ.

ಮೊದಲು ಬಂದವಳು ಇಪ್ಪತ್ತೆರಡರ ಹುಡುಗಿ. ಕೆಲಸಗಳ್ಳಿಯಲ್ಲ, ಸಿಡುಕಿನವಳೂ ಅಲ್ಲ. ಮನೆಯೊಳಗೆ ಕಾಲಿಟ್ಟವಳೇ ಅತ್ತೆಯವರ ಗಲ್ಲ ಹಿಡಿದು, "ಅಜ್ಜೀ, ಏಳು ಪುಟ್ಟಾ, ಬಾಯಿ ತೆಗಿ, ಆ ಅನ್ನು" ಎಂದು ಶುರುಮಾಡಿದಳು. ಅತ್ತೆಯವರು ಈ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 31 ವರ್ಷ ಆಪರೇಟರ್ ಆಗಿದ್ದವರು. ಕಾಣದವರೊಡನೆ ದಿನಕ್ಕೆ ನೂರಾರು ಸಲ ಮರ್ಯಾದೆಯಿಂದ ಮಾತನಾಡಿ ಸಂಸಾರ ನಡೆಸಿದವರು. ಮಗನ ಹೆಸರು ಅನೇಕ ದಿನ ಅವರಿಗೆ ನೆನಪಾಗುವುದಿಲ್ಲ, ಆದರೆ ಆ ದಿನ ಹುಡುಗಿಯನ್ನು ನೋಡಿ, "ಯಾರಮ್ಮ ನೀನು, ನನ್ನನ್ನು ಏಕವಚನದಲ್ಲಿ ಮಾತಾಡಿಸೋಳು?" ಎಂದು ಸ್ಪಷ್ಟವಾಗಿ ಕೇಳಿದರು. ಆಮೇಲೆ ಗೋಡೆಯ ಕಡೆಗೆ ತಿರುಗಿ ಹಲ್ಲು ಕಚ್ಚಿಕೊಂಡು ಮಲಗಿದವರು ಮಧ್ಯಾಹ್ನದವರೆಗೂ ಏಳಲಿಲ್ಲ. ಹುಡುಗಿ ಮೊಬೈಲಿನಲ್ಲಿ "ಸಹಕರಿಸಲಿಲ್ಲ" ಎಂದು ಗುರುತು ಹಾಕಿದಳು.

ಹಿರಿಯರೊಡನೆ ಮಗುವಿನೊಡನೆ ಆಡುವಂತೆ ಮಾತನಾಡುವ ಈ ರೂಢಿಗೆ ಸಂಶೋಧಕರು ಎಲ್ಡರ್‌ಸ್ಪೀಕ್ ಎಂದು ಹೆಸರಿಟ್ಟಿದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯಲ್ಲಿದ್ದ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಜೊತೆಗಾರರು ಡಿಮೆನ್ಷಿಯಾ ಇರುವ 20 ಮಂದಿಯ ಆರೈಕೆಯನ್ನು ವಿಡಿಯೊದಲ್ಲಿ ಸೆರೆಹಿಡಿದು, ಸಿಬ್ಬಂದಿಯ ಪ್ರತಿ ಮಾತಿನ ಹಿಂದೆಯೇ ಹಿರಿಯರು ಏನು ಮಾಡಿದರೆಂದು ಗುರುತಿಸಿ 2009ರಲ್ಲಿ ಪ್ರಕಟಿಸಿದರು. ಮಗುವಿನ ಮಾತು ಕೇಳಿದಾಗ ಅವರು ಪ್ರತಿರೋಧ ತೋರುವ ಸಂಭವ 0.55 ಇದ್ದರೆ, ದೊಡ್ಡವರೊಡನೆ ಆಡುವ ಸಹಜ ಮಾತಿಗೆ ಅದು 0.26 ಆಗಿತ್ತು. ಅಂದರೆ ಕೈ ತಳ್ಳುವುದು, ಕಿರುಚುವುದು, ಮುಖ ತಿರುಗಿಸುವುದು ಇವುಗಳಲ್ಲಿ ದೊಡ್ಡ ಪಾಲು ಕಾಯಿಲೆಯಿಂದಲೇ ಬಂದದ್ದೆಂದು ಹೇಳುವಂತಿಲ್ಲ. ಅದು ನಮ್ಮ ಬಾಯಿಂದಲೂ ಹುಟ್ಟುತ್ತದೆ. ಮುಂದೆ ಅದೇ ತಂಡ 13 ಆರೈಕೆ ಮನೆಗಳಲ್ಲಿ ಸಿಬ್ಬಂದಿಗೆ ಮಾತಿನ ತರಬೇತಿ ಕೊಟ್ಟು ನೋಡಿದಾಗ ಮಗುವಿನ ಮಾತೂ ಕಡಿಮೆಯಾಯಿತು, ಪ್ರತಿರೋಧವೂ ಕಡಿಮೆಯಾಯಿತು. ಅಲ್ಲಿಯವರು ನರ್ಸಿಂಗ್ ಹೋಂ ಎನ್ನುವುದು ನಮ್ಮ ಸಣ್ಣ ಆಸ್ಪತ್ರೆಗಳಿಗಲ್ಲ, ವೃದ್ಧರು ಕಾಯಮ್ಮಾಗಿ ವಾಸಿಸುವ ಮನೆಗಳಿಗೆ. ಆದುದರಿಂದ ಇಲ್ಲಿ ಆರೈಕೆ ಮನೆ ಎಂದೇ ಬರೆಯುತ್ತಿದ್ದೇನೆ.

ಈ ಸಂಶೋಧನೆಯನ್ನು ಕನ್ನಡಕ್ಕೆ ಇದ್ದಂತೆಯೇ ಇಳಿಸಲಾಗದು ಎಂಬುದನ್ನೂ ಹೇಳಬೇಕು. "ನಾವೀಗ ಸ್ನಾನ ಮಾಡೋಣವೇ" ಎಂಬ ಧಾಟಿಯಲ್ಲಿ ಒಬ್ಬರ ಕೆಲಸವನ್ನು ಇಬ್ಬರದೆಂಬಂತೆ ಹೇಳುವುದನ್ನು ಇಂಗ್ಲಿಷಿನಲ್ಲಿ ಮಗುವಿನ ಮಾತಿನ ಲಕ್ಷಣವೆಂದು ಎಣಿಸುತ್ತಾರೆ. ನಮ್ಮಲ್ಲಿ "ಏಳೋಣ್ವಾ ಅಮ್ಮಾ, ಕಾಫಿ ಕುಡಿಯೋಣ್ವಾ" ಎಂದು ಕೇಳುವುದು ಮೆದುವಾದ ಮರ್ಯಾದೆ. ಏಕವಚನದ ವಿಚಾರವೂ ಸರಳವಲ್ಲ. ಎಷ್ಟೋ ಮನೆಗಳಲ್ಲಿ ತಾಯಿಯನ್ನು "ನೀನು" ಎಂದೇ ಕರೆಯುತ್ತಾರೆ, ಅಲ್ಲಿ "ನೀವು" ಎಂದರೆ ದೂರ ಸರಿದಂತಾಗುತ್ತದೆ. ನಮ್ಮ ಮನೆಯಂಥ ಕಡೆ ಪರಿಚಯವಿಲ್ಲದವರ ಬಾಯಲ್ಲಿ ಬಂದ "ನೀನು" ಕೆನ್ನೆಗೆ ಹೊಡೆದಂತೆ. ಆದುದರಿಂದ ಒಳ್ಳೆಯ ಸೇವೆಯೊಂದು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: ಇವರನ್ನು ಮನೆಯವರು, ನೆರೆಯವರು, ಕಚೇರಿಯವರು ಏನೆಂದು ಕರೆಯುತ್ತಿದ್ದರು? ಈ ಸಂಸ್ಥೆ ಅದನ್ನು ಕೇಳಲಿಲ್ಲ. ನಾನು ಹೇಳಿದ ಮೇಲೆ, ಹುಡುಗಿಗೆ ಕೆಲವು ದಿನ ತಿಳಿಹೇಳಿ ನೋಡಿದ ಮೇಲೆ, ಮೂರನೆಯ ವಾರದ ಕೊನೆಗೆ ಬೇರೊಬ್ಬರನ್ನು ಕಳುಹಿಸಿದರು. ದೂರನ್ನು ಸಮಾಧಾನದಿಂದ ಕೇಳಿಸಿಕೊಂಡರು, ವಾದಕ್ಕಿಳಿಯಲಿಲ್ಲ. ಅದು ಅವರ ಪರವಾಗಿ ಹೇಳಬೇಕಾದ ಮಾತು.

ಎರಡನೆಯವಳು ಹಾವೇರಿ ಕಡೆಯ, ನಲವತ್ತು ದಾಟಿದ ಹೆಣ್ಣುಮಗಳು. ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ್ದು, "ಇವರನ್ನ ಏನಂತ ಕರೀಬೇಕ್ರೀ?" ಎಂದು. ಎಕ್ಸ್‌ಚೇಂಜಿನಲ್ಲಿ ಕಿರಿಯರೆಲ್ಲ ಅಮ್ಮಾವರು ಎನ್ನುತ್ತಿದ್ದರು ಎಂದೆ. "ಅಮ್ಮಾರ, ಏಳ್ರಿ, ನೀರು ಕಾದಾವ್ರಿ" ಎಂದು ಅವಳು ಅವಳದೇ ರಾಗದಲ್ಲಿ ಕರೆದಾಗ, ಭಾಷೆಯ ಧಾಟಿ ಬೇರೆಯಾದರೂ ಅದರೊಳಗಿದ್ದ ಬಹುವಚನ ಅತ್ತೆಯವರಿಗೆ ತಲುಪಿತು. ಅವರು ಎದ್ದು ಸೆರಗು ಸರಿಮಾಡಿಕೊಂಡರು. ಸಂಸ್ಥೆ ಇಂಥವರನ್ನು ಹುಡುಕಿ ಕಳುಹಿಸಿತೋ, ನಮಗೆ ಸಿಕ್ಕಿದ್ದು ಅದೃಷ್ಟವೋ ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಸ್ನಾನದ ವಿಷಯವನ್ನು ಸ್ವಲ್ಪ ದೀರ್ಘವಾಗಿ ಬರೆಯಬೇಕಾಗಿದೆ, ಏಕೆಂದರೆ ಡಿಮೆನ್ಷಿಯಾದ ಆರೈಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ, ಪೆಟ್ಟು, ಕಣ್ಣೀರು ಕಾಣುವುದು ಅಲ್ಲಿಯೇ. ಮೊದಲ ಮೂರು ವಾರ ನಮ್ಮ ಮನೆಯಲ್ಲಿ ವಾರದ ನಾಲ್ಕೈದು ದಿನ ಬಚ್ಚಲಿನಿಂದ ಚೀರಾಟ ಕೇಳುತ್ತಿತ್ತು. ಮೊಬೈಲಿನ ವೇಳಾಪಟ್ಟಿಯಲ್ಲಿ ಸ್ನಾನ 8.15ಕ್ಕೆ ಎಂದಿದ್ದರಿಂದ ಹುಡುಗಿ ಅದೇ ಹೊತ್ತಿಗೆ ಕರೆದೊಯ್ದು, ಬಟ್ಟೆ ಪೂರ್ತಿ ತೆಗೆದು, ನೇರವಾಗಿ ತಲೆಯ ಮೇಲೆ ನೀರು ಹೊಯ್ಯುತ್ತಿದ್ದಳು. ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದು ತಿಳಿಯದ ಹಿರಿಯ ಹೆಂಗಸೊಬ್ಬರಿಗೆ, ಗುರುತಿಲ್ಲದವಳೊಬ್ಬಳು ಬಟ್ಟೆ ಬಿಚ್ಚಿ ಮುಖದ ಮೇಲೆ ನೀರು ಸುರಿಯುವುದು ಹಲ್ಲೆಯಾಗಿ ಕಾಣದೆ ಮತ್ತೇನಾಗಿ ಕಂಡೀತು? ಅವರು ಹೊಡೆದರು, ಉಗುರಿನಿಂದ ಗೀರಿದರು. ಒಮ್ಮೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು.

ಜೋಆನ್ ರೇಡರ್, ಬೆವರ್ಲಿ ಹೋಫರ್ ಎಂಬ ಅಮೆರಿಕದ ನರ್ಸುಗಳು, ಫಿಲಿಪ್ ಸ್ಲೋನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಇದೇ ಸಮಸ್ಯೆಯನ್ನು ಕೈಗೆತ್ತಿಕೊಂಡು 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 15 ಆರೈಕೆ ಮನೆಗಳ 73 ಮಂದಿ ಅದರಲ್ಲಿದ್ದರು. ಕೆಲವರಿಗೆ ಅವರವರ ರೂಢಿ, ಇಷ್ಟ, ಸಂಕೋಚಗಳನ್ನು ತಿಳಿದು ಅದಕ್ಕೆ ತಕ್ಕಂತೆ ಷವರಿನ ಸ್ನಾನ ಮಾಡಿಸಿದರು. ಕೆಲವರಿಗೆ ಹಾಸಿಗೆಯಲ್ಲೇ ಮೈತುಂಬ ದೊಡ್ಡ ಟವೆಲ್ ಹೊದಿಸಿ, ಬೆಚ್ಚನೆಯ ನೀರು ಮತ್ತು ತೊಳೆಯಬೇಕಿಲ್ಲದ ಸೋಪಿನಲ್ಲಿ ಅದನ್ನು ನೆನೆಸಿ, ಮೈ ಎಲ್ಲಿಯೂ ತೆರೆಯದಂತೆ ಹಗುರವಾಗಿ ಒರೆಸಿದರು. ಹೊಡೆತ, ಬೈಗುಳದಂಥ ಘಟನೆಗಳು ಮೊದಲನೆಯ ಗುಂಪಿನಲ್ಲಿ ಶೇ. 53, ಎರಡನೆಯದರಲ್ಲಿ ಶೇ. 60 ಕಡಿಮೆಯಾದವು, ಹಳೆಯ ರೀತಿಯೇ ಮುಂದುವರಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಷ್ಟಕ್ಕೆ ಹೆಚ್ಚಾಗಿ ಹಿಡಿದ ಸಮಯ, ಷವರಿನ ಗುಂಪಿನಲ್ಲಿ ಸರಾಸರಿ 3.3 ನಿಮಿಷ, ಟವೆಲ್ ಸ್ನಾನಕ್ಕೆ ಅದೂ ಇಲ್ಲ. ಟವೆಲ್ ಸ್ನಾನದಿಂದ ಚರ್ಮದ ಸ್ಥಿತಿ ಸುಧಾರಿಸಿತು, ಹಾನಿಕಾರಕ ರೋಗಾಣುಗಳು ಹೆಚ್ಚಲಿಲ್ಲ. "ಸಮಯವಿಲ್ಲ ಮೇಡಂ" ಎಂಬ ಉತ್ತರ ಕೇಳಿದಾಗಲೆಲ್ಲ ನನ್ನ ವಿದ್ಯಾರ್ಥಿನಿಯರಿಗೆ ನಾನು ಈ 3.3 ನಿಮಿಷಗಳನ್ನು ನೆನಪಿಸುತ್ತಿದ್ದೆ.

ಹಾವೇರಿಯ ಹೆಣ್ಣುಮಗಳು ಈ ಪ್ರಯೋಗದ ಬಗ್ಗೆ ಕೇಳಿದವಳಲ್ಲ; ತನ್ನ ಅಜ್ಜಿಯನ್ನು ನೋಡಿಕೊಂಡ ಅನುಭವವಷ್ಟೇ ಅವಳ ಬಂಡವಾಳ. ಆದರೂ ಅವಳು ಮಾಡಿದ ಪ್ರತಿಯೊಂದೂ ಅದಕ್ಕೆ ಹೊಂದುತ್ತಿತ್ತು. ಮಂಗಳವಾರ, ಶುಕ್ರವಾರ ಬಿಸಿಲು ಬೀಳುವ ಜಗಲಿಯಲ್ಲಿ ಕೂರಿಸಿ, ಮೊದಲು ಅಂಗೈಗೆ ಎಣ್ಣೆ ಹಾಕಿ ವಾಸನೆ ನೋಡಲು ಕೊಡುವಳು. ಎಣ್ಣೆ ನೆತ್ತಿಗೆ ಮುಟ್ಟಿದ ಮೇಲೆ ಮುಂದಿನದು ಸ್ನಾನವೆಂಬುದನ್ನು ಅತ್ತೆಯವರಿಗೆ ಯಾರೂ ಹೇಳಬೇಕಾಗುತ್ತಿರಲಿಲ್ಲ, ಎಂಬತ್ತು ವರ್ಷದ ರೂಢಿಯೇ ಹೇಳುತ್ತಿತ್ತು. ಲಂಗವನ್ನು ಎದೆಗೆ ಕಟ್ಟಿ, ಹೆಗಲ ಮೇಲೆ ಒಣ ಟವೆಲ್ ಹೊದಿಸಿ, ಸ್ಟೂಲಿನ ಮೇಲೆ ಕೂರಿಸಿ, ಮೊದಲ ಚೊಂಬು ನೀರು ಪಾದಕ್ಕೆ, ಎರಡನೆಯದು ಕೈಗೆ. ತಲೆಗೆ ಎಲ್ಲಕ್ಕಿಂತ ಕೊನೆಗೆ. ಚೊಂಬನ್ನು ಅವರ ಕೈಗೇ ಕೊಟ್ಟು "ನೀವೇ ಹಾಕ್ಕೋರಿ" ಎನ್ನುವಳು. ನಮ್ಮ ಹಿಂದಿನವರು ಎದೆಗೆ ಲಂಗ ಕಟ್ಟಿಕೊಂಡೇ ಮೀಯುತ್ತಿದ್ದರಲ್ಲ, ಆ ಮಾನದ ಪದ್ಧತಿಯನ್ನು ತರಬೇತಿಯ ಹೆಸರಿನಲ್ಲಿ ಕೈಬಿಟ್ಟವರು ಯಾರೋ ತಿಳಿಯದು. ಉಳಿದ ದಿನಗಳಿಗೆ ಮೇಲ್ವಿಚಾರಣೆಯ ನರ್ಸ್ ಟವೆಲ್ ಸ್ನಾನವನ್ನು ಸೂಚಿಸಿದರು, ಮಾಡಿಯೂ ತೋರಿಸಿದರು. ತೊಳೆಯಬೇಕಿಲ್ಲದ ಸೋಪು ನಮಗೆ ಹತ್ತಿರದಲ್ಲಿ ಸಿಗದ್ದರಿಂದ ಸಾಮಾನ್ಯ ಸೋಪಿನ ನೀರನ್ನು ಬಹಳ ತೆಳುವಾಗಿ ಬೆರೆಸಿ, ಆಮೇಲೆ ಬರಿಯ ಬಿಸಿನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದೆವು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಚೀರಾಟ ತಿಂಗಳಿಗೆ ಒಂದೆರಡು ಸಲಕ್ಕೆ ಇಳಿದಿತ್ತು. ಈ ಸೇವೆಯಲ್ಲಿ ನಾನು ಪೂರ್ಣ ಅಂಕ ಕೊಡುವ ಭಾಗ ಇದು.

ಮಧ್ಯಾಹ್ನ ಒಂದೂವರೆಗೆ ನಮ್ಮ ಮನೆಯಲ್ಲಿ ಬೇರೆಯೇ ಕಷ್ಟ ಎದುರಾಗುತ್ತಿತ್ತು. ಅತ್ತೆಯವರು ಚೀಲ ಹುಡುಕುವರು, ಬಾಗಿಲ ಬಳಿ ನಿಲ್ಲುವರು, ಬಿಡದಿದ್ದರೆ ಬಾಗಿಲು ಬಡಿಯುವರು. ಎರಡು ಗಂಟೆಯ ಪಾಳಿಗೆ ಹೊತ್ತಾಯಿತೆಂಬುದು ಅವರ ಆತಂಕ. ಮೊದಲ ಹುಡುಗಿ ಬಾಗಿಲಿಗೆ ಬೀಗ ಹಾಕಿ ಟಿ.ವಿ. ಹಚ್ಚುತ್ತಿದ್ದಳು, ಅದರಿಂದ ಸಂಜೆಯವರೆಗೂ ಗಲಾಟೆ ಹೆಚ್ಚಾಗುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಡೊನ್ನಾ ಆಲ್‌ಗೇಸ್ ಎಂಬ ಶುಶ್ರೂಷಾ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಮುಂದಿಟ್ಟ ಒಂದು ಚೌಕಟ್ಟು ಇಲ್ಲಿ ನೆನಪಿಗೆ ಬರುತ್ತದೆ: ಅಲೆದಾಟ, ಕೂಗಾಟ, ಹೊಡೆತ ಇವೆಲ್ಲ ಬಾಯಿಬಿಟ್ಟು ಹೇಳಲಾಗದ ಒಂದು ಅಗತ್ಯದ ಅಭಿವ್ಯಕ್ತಿ, ಆ ಅಗತ್ಯ ಯಾವುದೆಂದು ಹುಡುಕುವುದು ಆರೈಕೆದಾರರ ಕೆಲಸ. ನಮ್ಮ ಹೆಣ್ಣುಮಗಳು ಚೀಲವನ್ನು ಅವರ ಕೈಗೆ ಕೊಟ್ಟು, ತಾನೂ ಚಪ್ಪಲಿ ಮೆಟ್ಟಿ, ಬೀದಿಯ ಕೊನೆಯ ಹೊಂಗೆಮರದವರೆಗೆ ಜೊತೆಯಲ್ಲಿ ನಡೆದು ಬರಲಾರಂಭಿಸಿದಳು. ಇಲ್ಲದ ಸುಳ್ಳು ಹೇಳಲಿಲ್ಲ, ಎಕ್ಸ್‌ಚೇಂಜ್ ಮುಚ್ಚಿದೆಯೆಂದು ತಿದ್ದಲೂ ಇಲ್ಲ. ದಾರಿಯಲ್ಲಿ, ದೂರದ ಊರುಗಳಿಗೆ ಟ್ರಂಕ್ ಕಾಲ್ ಹೇಗೆ ಹಾಕುತ್ತಿದ್ದಿರಿ ಎಂದು ಕೇಳುವಳು. ಅತ್ತೆಯವರು ವಿವರಿಸುತ್ತ ವಿವರಿಸುತ್ತ ಮನೆಗೆ ಮರಳುವರು.

ಅದರಿಂದಲೇ ಒಂದು ದಿನಚರಿ ಬೆಳೆಯಿತು. ಹಳೆಯ ಟೆಲಿಫೋನ್ ಡೈರೆಕ್ಟರಿಯೊಂದನ್ನು ಅಟ್ಟದಿಂದ ಇಳಿಸಿದೆವು. ಅವಳು ಹೆಸರು ಹೇಳುವಳು, ಇವರು ಬೆರಳಿಟ್ಟು ನಂಬರು ಹುಡುಕಿ ಓದುವರು. ಗಂಟೆಗಟ್ಟಲೆ ನಡೆಯುವ ಆಟವಲ್ಲ, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವರ ಬೆನ್ನು ನೆಟ್ಟಗಿರುತ್ತದೆ. ಅಮೆರಿಕದ ಸಂಶೋಧಕಿ ಲಾರಾ ಗಿಟ್ಲಿನ್ 2008ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ 60 ಕುಟುಂಬಗಳಿದ್ದವು. ನಾಲ್ಕು ತಿಂಗಳಲ್ಲಿ ಎಂಟು ಭೇಟಿಗಳ ಮೂಲಕ ಪ್ರತಿಯೊಬ್ಬರ ಉಳಿದ ಶಕ್ತಿಗೂ ಹಿಂದಿನ ಆಸಕ್ತಿಗೂ ಹೊಂದುವ ಚಟುವಟಿಕೆಯನ್ನು ರೂಪಿಸಿ ಮನೆಯವರಿಗೆ ಕಲಿಸಿದಾಗ, ತೊಂದರೆಯ ನಡವಳಿಕೆಗಳು ಕಡಿಮೆಯಾದವು. ಇದನ್ನು ತಿಳಿದವರು ಸಂಸ್ಥೆಯಲ್ಲಿ ಇದ್ದಿದ್ದರೆ ಮೊದಲ ತಿಂಗಳೇ ಒಂದು ಭೇಟಿಯನ್ನು ಇದಕ್ಕಾಗಿ ಮೀಸಲಿಡುತ್ತಿದ್ದರು. ಅವರು ಕಳುಹಿಸಿದ್ದು 3,500 ರೂಪಾಯಿಯ ಒಂದು ಪೆಟ್ಟಿಗೆ. ಅದರಲ್ಲಿ ಚಿತ್ರ ಜೋಡಿಸುವ ಆಟ, ಬಣ್ಣದ ಮಣಿಗಳು, ಒಂದು ಮೆತ್ತನೆಯ ಗೊಂಬೆ. ಅತ್ತೆಯವರು ಗೊಂಬೆಯನ್ನು ನನ್ನ ಕೈಗೆ ಕೊಟ್ಟು, "ಮಗು ಯಾರದ್ದೋ ಬಿಟ್ಟುಹೋಗಿದಾರೆ" ಎಂದು ಚಿಂತೆಗೆ ಬಿದ್ದರು. ಕೊಂಡು ತಪ್ಪು ಮಾಡಿದೆವು.

ಮೆತ್ತನೆಯ ಆಟಿಕೆಗಳಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಶುಶ್ರೂಷಾ ಪ್ರಾಧ್ಯಾಪಕಿ ವೆಂಡಿ ಮೋಯ್ಲ್ ಅವರ ತಂಡ ಕ್ವೀನ್ಸ್‌ಲ್ಯಾಂಡಿನ 28 ಆರೈಕೆ ಮನೆಗಳ 415 ಮಂದಿಯ ಮೇಲೆ ಜಪಾನಿನ ಪಾರೊ ಎಂಬ ಸೀಲ್ ಮರಿಯ ಆಕಾರದ ರೋಬಾಟನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿತು. ವಾರಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ, ಹತ್ತು ವಾರ. ಚಾಲೂ ಆಗಿರುವ ರೋಬಾಟನ್ನು ಕೆಲವರಿಗೆ, ಯಂತ್ರ ನಿಲ್ಲಿಸಿದ ಅದೇ ಗೊಂಬೆಯನ್ನು ಕೆಲವರಿಗೆ ಕೊಟ್ಟರು. ಚಾಲೂ ಇದ್ದ ರೋಬಾಟಿನೊಡನೆ ಜನ ಹೆಚ್ಚು ಮಾತನಾಡಿದರು, ಅದನ್ನು ಹೆಚ್ಚು ನೋಡಿದರು. ಆದರೂ ಉಳಿದ ಕೆಲವು ಅಳತೆಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಎಚ್ಚರದಿಂದ ಪರೀಕ್ಷಿಸಿದವರೇ ಇಷ್ಟು ಅಳೆದು ಮಾತನಾಡುವಾಗ, ಎಲ್ಲರಿಗೂ ಒಂದೇ ಪೆಟ್ಟಿಗೆಯನ್ನು "ನೆನಪಿನ ಚಿಕಿತ್ಸೆ" ಎಂದು ಮಾರುವುದು ಸರಿಯಲ್ಲ. ಇದನ್ನು ಸಂಸ್ಥೆಗೆ ಬರೆದು ತಿಳಿಸಿದ್ದೇನೆ.

ಊಟದ ವಿಷಯದಲ್ಲಿ ಮೇಲ್ವಿಚಾರಣೆಯ ನರ್ಸ್ ಕೊಟ್ಟ ಒಂದು ಸಲಹೆ ಚಿಕ್ಕದು, ಆದರೆ ಕೆಲಸಕ್ಕೆ ಬಂದಿತು. ನಾವು ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಕೊಡುತ್ತಿದ್ದೆವು. ಈ ಕಾಯಿಲೆಯಲ್ಲಿ ಬಣ್ಣಗಳ ಅಂತರವನ್ನು ಗುರುತಿಸುವ ಶಕ್ತಿ ಕುಂದುವುದರಿಂದ, ಬಿಳಿಯ ಮೇಲಿನ ಬಿಳಿ ಅವರಿಗೆ ಖಾಲಿ ತಟ್ಟೆಯಂತೆ ಕಾಣಬಹುದು ಎಂದರು. ಬೋಸ್ಟನ್ನಿನಲ್ಲಿ ಕಾಯಿಲೆ ಬಲಿತ ಒಂಬತ್ತು ಗಂಡಸರಿಗೆ ಕೆಂಪು ತಟ್ಟೆ, ಕೆಂಪು ಲೋಟ ಕೊಟ್ಟು ನೋಡಿದಾಗ ಆಹಾರ ಶೇ. 25, ದ್ರವ ಶೇ. 84 ಹೆಚ್ಚು ಹೊಟ್ಟೆಗೆ ಹೋಯಿತೆಂದು 2004ರ ವರದಿ ಹೇಳುತ್ತದೆ. ಒಂಬತ್ತೇ ಜನರ ಅಧ್ಯಯನದ ಮೇಲೆ ನಾನು ಹೆಚ್ಚಿನ ಭಾರ ಹಾಕಲಾರೆ, ಆದರೆ ಕೆಂಪು ತಟ್ಟೆಯ ಬೆಲೆ ಎಷ್ಟು ಮಹಾ? ತಂದೆವು. ಮೊಸರನ್ನ ಮತ್ತೆ ಖಾಲಿಯಾಗತೊಡಗಿತು. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ದೀಪದ ಪ್ರತಿಬಿಂಬವನ್ನು ಅವರು ಬೆರಳಿನಿಂದ ಹಿಡಿಯಲು ಹೋಗುತ್ತಿದ್ದುದೂ ಆಗಲೇ ನಿಂತಿತು.

ಆರನೆಯ ತಿಂಗಳಿನಲ್ಲಿ ಅವರು ಇದ್ದಕ್ಕಿದ್ದಂತೆ ಊಟ ಬಿಟ್ಟರು. ತುತ್ತು ಬಾಯಿಗೆ ಹೋದರೆ ಉಗಿಯುವರು, ಹಲ್ಲುಜ್ಜಿಸಲು ಹೋದರೆ ಕೈ ಎತ್ತುವರು, ರಾತ್ರಿಯೆಲ್ಲ ನರಳುವರು. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತೆಂದು ನಾವು ಭಾವಿಸಿದೆವು. ವಿಡಿಯೊ ಕರೆಯಲ್ಲಿ ನೋಡಿದ ವೈದ್ಯರು ನಿದ್ದೆಯ ಗುಳಿಗೆಯನ್ನು ಹೆಚ್ಚಿಸಬಹುದು ಎಂದರು. ಒಂಬತ್ತು ದಿನ ಹೀಗೆ ಕಳೆದ ಮೇಲೆ ಮೇಲ್ವಿಚಾರಣೆಯ ನರ್ಸಿನ ಸರದಿಯ ಭೇಟಿ ಬಂದಿತು. ಅವರು ಮೊಬೈಲಿನ ಅಂಕಿಗಳನ್ನು ನೋಡಿದ್ದು ಆಮೇಲೆ; ಮೊದಲು ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಸುಮ್ಮನೆ ಮುಖ ನೋಡಿದರು. ಬಳಿಕ ಟಾರ್ಚ್ ಹಿಡಿದು, ಕೇಳಿಕೊಂಡು, ತುಟಿ ಎತ್ತಿ ನೋಡಿದರು. ಹಲ್ಲಿನ ಸೆಟ್ಟು ಒತ್ತಿ ಕೆಳಗಿನ ವಸಡಿನಲ್ಲಿ ಕಡಲೆಗಾತ್ರದ ಹುಣ್ಣಾಗಿತ್ತು. ಸೆಟ್ಟು ತೆಗೆದಿಟ್ಟು, ದಂತವೈದ್ಯರಿಗೆ ತೋರಿಸಿ, ವಾರದೊಳಗೆ ಊಟ ಮೊದಲಿನಂತಾಯಿತು. ಗುಳಿಗೆ ಹೆಚ್ಚಿಸಬೇಕಾಗಲಿಲ್ಲ.

ಆ ಒಂಬತ್ತು ದಿನಗಳನ್ನು ನೆನೆದರೆ ನನಗೆ ಈಗಲೂ ದುಃಖವಾಗುತ್ತದೆ. ನೋವನ್ನು ಹೇಳಲಾಗದವರ ನೋವನ್ನು ಓದಲು ಒಂದು ಸರಳ ಸಾಧನ 2003ರಿಂದಲೂ ಇದೆ. ವಿಕ್ಟೋರಿಯಾ ವಾರ್ಡನ್, ನರ್ಸ್ ಆನ್ ಹರ್ಲಿ ಮತ್ತು ವೈದ್ಯ ಲಾಡಿಸ್ಲಾವ್ ವೊಲಿಸರ್ ರೂಪಿಸಿದ ಅದರ ಹೆಸರು ಪೇನ್ಎಡ್. ಉಸಿರಾಟ, ನರಳಿಕೆ ಅಥವಾ ಕೂಗು, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಾಂತರಾಗುವರೇ ಎಂಬ ಐದು ಸಂಗತಿಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ಕಲಿಯಲು ಹೆಚ್ಚು ಹೊತ್ತು ಬೇಡ. ನಾನು ಇದನ್ನು ವರ್ಷವರ್ಷವೂ ಕಲಿಸಿದವಳು, ಆದರೂ ಸ್ವಂತ ಮನೆಯಲ್ಲಿ ಒಂಬತ್ತು ದಿನ ನೆನಪಿಸಿಕೊಳ್ಳಲಿಲ್ಲ; ಸೊಸೆಯ ಕಣ್ಣಿಗೂ ನರ್ಸಿನ ಕಣ್ಣಿಗೂ ಇರುವ ಅಂತರ ಆಗ ತಿಳಿಯಿತು. ಸಂಸ್ಥೆಯ ಮೊಬೈಲ್ ನಮೂನೆಯಲ್ಲಿ ರಕ್ತದೊತ್ತಡಕ್ಕೆ ಎರಡು ಮನೆಗಳಿವೆ, ನೋವಿಗೆ ಒಂದೂ ಇಲ್ಲ. ಇದ್ದಿದ್ದರೆ ನಮ್ಮ ಹೆಣ್ಣುಮಗಳು ಎರಡನೆಯ ದಿನವೇ ಗುರುತು ಹಾಕುತ್ತಿದ್ದಳು, ಏಕೆಂದರೆ "ಅಮ್ಮಾರ ಮಾರಿ ಯಾಕೋ ಕಿವುಚಿದಂಗೈತ್ರಿ" ಎಂದು ಅವಳು ನನಗೆ ಹೇಳಿದ್ದಳು. ಕೇಳಿಸಿಕೊಂಡರೂ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಂಗೀತದ ಬಗ್ಗೆ ಎರಡು ಮಾತು. ಸಂಸ್ಥೆಯ ಆ್ಯಪಿನಲ್ಲಿ "ಮನಶ್ಶಾಂತಿಯ ಸಂಗೀತ" ಎಂದು ಕೊಳಲಿನ ಧ್ವನಿಮುದ್ರಣಗಳಿವೆ. ಅತ್ತೆಯವರು ಅದಕ್ಕೆ ಒಲಿಯಲಿಲ್ಲ. ಮೈಸೂರು ಆಕಾಶವಾಣಿಯಲ್ಲಿ ಅವರು ಕೇಳುತ್ತಿದ್ದ ಹಳೆಯ ಭಾವಗೀತೆಗಳಿಗೆ ತಲೆದೂಗಿದರು. ಲಿಂಡಾ ಗರ್ಡ್‌ನರ್ ಎಂಬ ನರ್ಸ್ 2000ದಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿಯೂ ಸಾಮಾನ್ಯ ವಿಶ್ರಾಂತಿ ಸಂಗೀತಕ್ಕಿಂತ ಅವರವರ ಬದುಕಿನ ಸಂಗೀತವೇ ಕಳವಳವನ್ನು ಹೆಚ್ಚು ತಗ್ಗಿಸಿತ್ತು. ಕಳವಳ ಏರುವ ಹೊತ್ತಿಗೆ ಅರ್ಧಗಂಟೆ ಮುಂಚೆ ಹಚ್ಚಬೇಕೆಂಬ ಅವರ ಸೂಚನೆಯನ್ನು ಪಾಲಿಸಿ ಈಗ ಮಧ್ಯಾಹ್ನ ಒಂದು ಗಂಟೆಗೆ ಹಾಡು ಹಚ್ಚುತ್ತೇವೆ.

ಎಂಟನೆಯ ತಿಂಗಳಿನಲ್ಲಿ ಹಾವೇರಿಯ ಹೆಣ್ಣುಮಗಳು ಮಗಳ ಬಾಣಂತನಕ್ಕೆ ಊರಿಗೆ ಹೋದಳು. ಅವಳ ಜಾಗಕ್ಕೆ ಬಂದವಳಿಗೆ ಸಂಸ್ಥೆಯಿಂದ ಸಿಕ್ಕಿದ್ದು ನಮ್ಮ ಮನೆಯ ವಿಳಾಸ ಮತ್ತು ಔಷಧಗಳ ಪಟ್ಟಿ. ಎಣ್ಣೆಯ ವಿಚಾರ, ಚೊಂಬಿನ ವಿಚಾರ, ಒಂದೂವರೆಯ ನಡಿಗೆ, ಕೆಂಪು ತಟ್ಟೆ, ಅಮ್ಮಾವರು ಎಂಬ ಒಂದು ಪದ, ಇವು ಯಾವುವೂ ಎಲ್ಲಿಯೂ ದಾಖಲಾಗಿರಲಿಲ್ಲ. ಬಚ್ಚಲಿನ ಚೀರಾಟ ಎರಡು ವಾರ ಮತ್ತೆ ಕೇಳಿಸಿತು. ಈ ಸೇವೆಯ ಅತಿ ದೊಡ್ಡ ಕೊರತೆ ಇದು: ಅವರಲ್ಲಿ ಒಳ್ಳೆಯ ಕೈಗಳಿವೆ, ಆ ಕೈಗಳ ತಿಳಿವಳಿಕೆಯನ್ನು ಉಳಿಸಿಕೊಳ್ಳುವ ವ್ಯವಸ್ಥೆಯಿಲ್ಲ. ಕೈಗಳೂ ಉಳಿಯುವುದಿಲ್ಲ. ನಾವು ಕೊಡುವ 24,000ದಲ್ಲಿ ತನಗೆ ಸೇರುವುದು 15,000 ಎಂದು ಹಾವೇರಿಯವಳು ಹೋಗುವಾಗ ಹೇಳಿದಳು. ದಿನಕ್ಕೆ ಹನ್ನೆರಡು ಗಂಟೆ ದುಡಿಸಿ, ಮರೆವಿನ ಕಾಯಿಲೆಯ ಬಗ್ಗೆ ಒಂದು ದಿನದ ತರಬೇತಿಯನ್ನೂ ಕೊಡದೆ, ಇಷ್ಟು ಸಂಬಳಕ್ಕೆ ಇಂಥ ಕೆಲಸವನ್ನು ವರ್ಷಗಟ್ಟಲೆ ಯಾರು ಮಾಡಿಯಾರು?

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಮೇಲ್ವಿಚಾರಣೆಯ ನರ್ಸಿನ ಭೇಟಿಗಾಗಿಯೇ ಈ ಸೇವೆಯನ್ನು ಪಡೆಯಬಹುದು. ಆ ಭೇಟಿಯಿಲ್ಲದ ಅಗ್ಗದ ಒಪ್ಪಂದವೂ ಅವರಲ್ಲಿದೆ, ಅದನ್ನು ತೆಗೆದುಕೊಳ್ಳಬೇಡಿ. ರಾತ್ರಿಯ ಪಾಳಿಯನ್ನು ನಾವು ಬಳಸಿಲ್ಲ. ಪೆಟ್ಟಿಗೆಯನ್ನು ಕೊಳ್ಳುವ ಅಗತ್ಯವಿಲ್ಲ.

ಒಪ್ಪಂದವನ್ನು ಮತ್ತೆ ಮೂರು ತಿಂಗಳಿಗೆ ಮುಂದುವರಿಸುವಾಗ ಎರಡು ಷರತ್ತುಗಳನ್ನು ಬರೆಸಿದೆವು. ಪ್ರತಿದಿನ ಸಂಜೆ ಪೇನ್ಎಡ್ ಅಂಕವನ್ನು ದಾಖಲಿಸಬೇಕು. ಹೊಸಬರು ಯಾರೇ ಬಂದರೂ ನಾನು ಬರೆದಿಟ್ಟ ಒಂದು ಪುಟವನ್ನು ಓದಿದ ಮೇಲೆಯೇ ಅತ್ತೆಯವರ ಕೋಣೆಗೆ ಹೋಗಬೇಕು. ಆ ಪುಟದ ಮೊದಲ ಸಾಲು ಅವರನ್ನು ಏನೆಂದು ಕರೆಯಬೇಕೆಂಬುದು, ಕೊನೆಯ ಸಾಲು ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಬೇಕೆಂಬುದು. ಕಳೆದ ಸೋಮವಾರ ವಾರದ ರಜೆಯ ಬದಲಿಗೆ ಬಂದ ಹುಡುಗಿ ಅದನ್ನು ಜಗಲಿಯಲ್ಲಿ ನಿಂತೇ ಓದಿ, ಎರಡನೆಯ ಸಲ ಓದಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಅಮ್ಮಾವರೇ, ಬರಬಹುದಾ?" ಎಂದು ಕೇಳಿದಳು.